ಬೆಳಿಗ್ಗೆ ಆನ್ ಮಾಡಿದ ಕೆಲವು ಕಂಪ್ಯೂಟರ್‌ಗಳಿಗೆ ಮಾತ್ರ ನೆಟ್ ಇಲ್ಲ, ರೌಟರ್ ಕೆಟ್ಟಿದೆಯಾ?

ಪ್ರಶ್ನೆ:
ಆಫೀಸಿನಲ್ಲಿ ಸುಮಾರು 40 ಕಂಪ್ಯೂಟರ್, ಒಂದು ರೌಟರ್, ಎರಡು ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದವು) ಇವೆ. ಈ ವಾರ ಬೆಳಿಗ್ಗೆ ಆನ್ ಮಾಡಿದ ಕೆಲವು ಕಂಪ್ಯೂಟರ್‌ಗಳಲ್ಲಿ ನೆಟ್ ಬರುತ್ತಿಲ್ಲ. ಪ್ರಿಂಟರ್, ಫೈಲ್ ಸರ್ವರ್ ಕೂಡ ಸಿಗುತ್ತಿಲ್ಲ. ಕೇಬಲ್ ಹಾಕಿದ ಜಾಗದಲ್ಲಿ ಲೈಟ್ ಮಾತ್ರ ಉರಿಯುತ್ತಿದೆ. ರಾತ್ರಿಯಿಡೀ ಆನ್ ಇದ್ದ ಕಂಪ್ಯೂಟರ್‌ಗಳು ಸರಿಯಾಗಿವೆ. ತೊಂದರೆ ಇರುವ ಒಂದರಲ್ಲಿ ಐಪಿ (ನೆಟ್‌ವರ್ಕ್ ವಿಳಾಸ) 192.168.0.107 ಅಂತ ತೋರಿಸುತ್ತಿದೆ. ನಮ್ಮ ಐಪಿಗಳೆಲ್ಲ 192.168.10 ಅಂತ ಶುರುವಾಗುತ್ತವೆ. ರೌಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿಬಿಡಲಾ?

ಉತ್ತರ 1:
ಡಿಎನ್‌ಎಸ್‌ನಲ್ಲಿ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) 8.8.8.8 ಹಾಕಿ ನೋಡಿ. ನಮ್ಮಲ್ಲಿ ನೆಟ್ ಬರದಿದ್ದಾಗ ಅದರಿಂದಲೇ ಸರಿಹೋಯಿತು.

ಉತ್ತರ 2:
ದಯವಿಟ್ಟು ರೀಸೆಟ್ ಮಾಡಬೇಡಿ ಸರ್. ಇರುವ ಸೆಟ್ಟಿಂಗ್ ಎಲ್ಲಾ ಹೋಗುತ್ತದೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. ಡಿಎನ್‌ಎಸ್ ಕೂಡ ಕಾರಣ ಅಲ್ಲ. ಅದು ಕೆಟ್ಟರೆ ವೆಬ್‌ಸೈಟ್‌ಗಳ ಹೆಸರು ಸಿಗುವುದಿಲ್ಲ ಅಷ್ಟೇ, ಐಪಿ ಬದಲಾಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. 192.168.0.107 ಕೊಟ್ಟವರು ಯಾರು? ನಿಮ್ಮ ರೌಟರ್ ಅಂತೂ ಅಲ್ಲ. ನೆಟ್‌ವರ್ಕ್‌ನಲ್ಲಿ ಇನ್ನೊಂದು ಡಿಎಚ್‌ಸಿಪಿ ಸರ್ವರ್ (ಐಪಿ ಹಂಚುವ ಸಾಧನ) ಸೇರಿಕೊಂಡಿದೆ. ಕಂಪ್ಯೂಟರ್ ಆನ್ ಆದಾಗ "ನನಗೊಂದು ಐಪಿ ಕೊಡಿ" ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಐಪಿಯನ್ನೇ ತೆಗೆದುಕೊಳ್ಳುತ್ತದೆ. ಅದಕ್ಕೇ ಕೆಲವಕ್ಕೆ ಮಾತ್ರ ತೊಂದರೆ. ರಾತ್ರಿಯೆಲ್ಲಾ ಆನ್ ಇದ್ದವು ಹಾಗೆ ಕೂಗುವುದಿಲ್ಲ. ಲೀಸ್ ಅವಧಿ (ಐಪಿ ಬಳಸಲು ಕೊಟ್ಟ ಕಾಲ) ಅರ್ಧ ಮುಗಿದಾಗ, ಮೊದಲು ಐಪಿ ಕೊಟ್ಟ ಸರ್ವರ್ ಹತ್ತಿರವೇ ನೇರವಾಗಿ ಹೋಗಿ ಅದನ್ನು ಮುಂದುವರಿಸಿಕೊಳ್ಳುತ್ತವೆ.

ತೊಂದರೆ ಇರುವ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್ /ಆಲ್' (ipconfig /all) ಕೊಡಿ. 'ಡಿಎಚ್‌ಸಿಪಿ ಸರ್ವರ್' ಅನ್ನುವ ಸಾಲಿನಲ್ಲಿ ಬಹುಶಃ 192.168.0.1 ಇರುತ್ತದೆ. ಅದಕ್ಕೆ ಪಿಂಗ್ ಮಾಡಿ, ಆಮೇಲೆ 'ಎಆರ್‌ಪಿ -ಎ' (arp -a) ಕೊಟ್ಟರೆ ಅದರ ಮ್ಯಾಕ್ ಅಡ್ರೆಸ್ (ಸಾಧನದ ಗುರುತು ಸಂಖ್ಯೆ) ಸಿಗುತ್ತದೆ. ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಅದನ್ನು ಹುಡುಕಿ. ಯಾವ ಪೋರ್ಟ್ ಅಂತ ಅಲ್ಲೇ ಬರೆದಿರುತ್ತದೆ. ಅದು ಎರಡನೇ ಸ್ವಿಚ್‌ಗೆ ಹೋಗುವ ಪೋರ್ಟ್ ಆಗಿದ್ದರೆ ಆ ಸ್ವಿಚ್‌ನಲ್ಲಿ ಮತ್ತೆ ಹುಡುಕಿ. ಸಿಕ್ಕ ಪೋರ್ಟನ್ನು ಮೊದಲು ಬಂದ್ ಮಾಡಿ. ಆಮೇಲೆ ಕಂಪ್ಯೂಟರ್‌ನಲ್ಲಿ 'ಐಪಿಕಾನ್ಫಿಗ್ /ರಿಲೀಸ್' (ipconfig /release), ಹಿಂದೆಯೇ 'ಐಪಿಕಾನ್ಫಿಗ್ /ರಿನ್ಯೂ' (ipconfig /renew) ಕೊಡಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು ಸರ್! ಎರಡನೇ ಸ್ವಿಚ್‌ನ 17ನೇ ಪೋರ್ಟ್. ಮೀಟಿಂಗ್ ರೂಮಿನಲ್ಲಿ ವೈಫೈ ಸಾಲದು ಅಂತ ಯಾರೋ ಸಣ್ಣ ವೈಫೈ ರೌಟರ್ ತಂದು ಗೋಡೆಯ ಪಾಯಿಂಟ್‌ಗೆ ಸಿಕ್ಕಿಸಿದ್ದಾರೆ, ಅದೂ ಒಳಗಿನ ಕಂಪ್ಯೂಟರ್‌ಗಳನ್ನು ಜೋಡಿಸುವ ಲ್ಯಾನ್ ಪೋರ್ಟ್‌ನಿಂದ. ಪೋರ್ಟ್ ಬಂದ್ ಮಾಡಿದ ಮೇಲೆ ಎಲ್ಲಾ ಸರಿಯಾಗಿದೆ. ಆದರೆ ಅವರಿಗೆ ವೈಫೈ ನಿಜವಾಗಿಯೂ ಬೇಕಂತೆ. ಏನು ಮಾಡಲಿ?

ಉತ್ತರ 2:
ಅವರನ್ನು ಬೈಯಬೇಡಿ. ಸಿಗ್ನಲ್ ಸಿಗದೇ ತಾನೇ ಅವರು ತಂದಿದ್ದು, ಅಲ್ವಾ? ಅದೇ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಕೊಡುವ ಸಾಧನ) ಮಾಡಿಕೊಳ್ಳಬಹುದು. ನೆಟ್‌ವರ್ಕ್‌ಗೆ ಸೇರಿಸದೆ ಒಂದು ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ ಅದರ ಡಿಎಚ್‌ಸಿಪಿ ಆಫ್ ಮಾಡಿ. ಅದಕ್ಕೆ ನಿಮ್ಮ 192.168.10 ಸಾಲಿನದೇ ಒಂದು ಐಪಿ ಕೊಡಿ. ಅದು ಬೇರೆ ಯಾರೂ ಬಳಸದ, ಮುಖ್ಯ ರೌಟರ್ ಹಂಚುವ ಪೂಲ್‌ನಿಂದ ಹೊರಗಿನ ಐಪಿ ಆಗಿರಲಿ. ವೈಫೈಗೆ ಗಟ್ಟಿ ಪಾಸ್‌ವರ್ಡ್ ಇಡಿ. ಆಮೇಲೆ ಲ್ಯಾನ್ ಪೋರ್ಟ್‌ನಿಂದಲೇ ಜೋಡಿಸಿ, ವ್ಯಾನ್ ಪೋರ್ಟ್ (ಇಂಟರ್ನೆಟ್ ಕಡೆಯದು) ಖಾಲಿ ಬಿಡಿ.

ಉತ್ತರ 3:
ನಾಳೆ ಇನ್ನೊಬ್ಬರು ಇನ್ನೊಂದು ತಂದರೆ ಮತ್ತೆ ಇದೇ ಕಥೆ. ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಇದ್ದರೆ ಆನ್ ಮಾಡಿ. ನಂಬಿದ ಪೋರ್ಟ್ ಬಿಟ್ಟು ಬೇರೆ ಕಡೆಯಿಂದ ಬರುವ ಡಿಎಚ್‌ಸಿಪಿ ಉತ್ತರಗಳನ್ನು ಸ್ವಿಚ್ ಬಿಸಾಕುತ್ತದೆ.

ಉತ್ತರ 2:
ಹೌದು, ಮಾಡಲೇಬೇಕು. ಆದರೆ ಮುಖ್ಯ ರೌಟರ್‌ನ ಪೋರ್ಟ್ ಮತ್ತು ಎರಡು ಸ್ವಿಚ್ ಸೇರುವ ಪೋರ್ಟ್‌ಗಳನ್ನು ಮೊದಲೇ ಟ್ರಸ್ಟ್ ಮಾಡಿ, ಆಮೇಲೆ ಸ್ನೂಪಿಂಗ್ ಆನ್ ಮಾಡಿ. ತಿರುಗುಮುರುಗಾದರೆ ಹೊಸದಾಗಿ ಯಾರಿಗೂ ಐಪಿ ಸಿಗುವುದಿಲ್ಲ. ಟ್ರಸ್ಟ್ ಮಾಡಿದರೂ ಐಪಿ ಬರದಿದ್ದರೆ ಆಪ್ಷನ್ 82 (ಕೋರಿಕೆ ಯಾವ ಪೋರ್ಟ್‌ನಿಂದ ಬಂತು ಅನ್ನುವ ಮಾಹಿತಿ) ನೋಡಿ. ಕೆಲವು ಸ್ವಿಚ್‌ಗಳು ಸ್ನೂಪಿಂಗ್ ಜೊತೆಗೇ ಅದನ್ನು ಸೇರಿಸಿ ಕಳಿಸುತ್ತವೆ, ಕೆಲವು ಸರ್ವರ್‌ಗಳು ಅಂಥ ಕೋರಿಕೆಗೆ ಉತ್ತರವೇ ಕೊಡುವುದಿಲ್ಲ. ನಿಮ್ಮಂಥ ಚಿಕ್ಕ ನೆಟ್‌ವರ್ಕ್‌ಗೆ ಅದು ಬೇಕಿಲ್ಲ, ಆಫ್ ಮಾಡಿ. ಆಫೀಸ್ ಬಿಟ್ಟ ಮೇಲೆ ಈ ಕೆಲಸ ಇಟ್ಟುಕೊಳ್ಳಿ, ಸ್ವಿಚ್‌ನ ಈಗಿನ ಕಾನ್ಫಿಗರೇಶನ್ ಮೊದಲು ಬ್ಯಾಕಪ್ ತೆಗೆದಿಡಿ. ಸ್ವಿಚ್‌ನ ಮಾಡೆಲ್ ಹೇಳಿದರೆ ಕಮಾಂಡ್ ಬರೆದುಕೊಡುತ್ತೇನೆ.