ಕಿಯೋಜ್ಜಾ 1380: ಜಿನೋವಾವನ್ನು ಕೆಡವಿದ್ದು ತೋಪೋ, ಹಸಿವೋ?

ಕಲ್ಲುಹಡಗು: ವೆನಿಸ್-ಜಿನೋವಾ ಯುದ್ಧದಲ್ಲಿ ವೆನಿಸ್‌ನ ದಕ್ಷಿಣಕ್ಕಿರುವ ಊರು ಕಿಯೋಜ್ಜಾ ಅಂದ್ರೆ ಎಲ್ಲರೂ ತೋಪಿನ ಪುರಾಣ ಶುರು ಮಾಡ್ತಾರೆ. ವೆನಿಸನ್ನು ಗೆಲ್ಲಿಸಿದ್ದು ಕಲ್ಲು ತುಂಬಿ ಮುಳುಗಿಸಿದ ಹಡಗು. 1379ರ ಆಗಸ್ಟ್‌ನಲ್ಲಿ ಜಿನೋವಾದ ಸೇನಾಪತಿ ಪಿಯೆತ್ರೋ ದೋರಿಯಾ ಊರು ಹಿಡಿದ ಮೇಲೆ ವೆನಿಸ್‌ಗೆ ದಕ್ಷಿಣದ ಉಪ್ಪು, ಧಾನ್ಯದ ದಾರಿ ಬಂದ್. ಡಿಸೆಂಬರ್ 21ರ ರಾತ್ರಿ ವೆನಿಸ್‌ನ ನೌಕಾಪತಿ ಪಿಸಾನಿ ಮತ್ತು ಡೋಜ್ (ವೆನಿಸ್‌ನ ಆಡಳಿತ ಮುಖ್ಯಸ್ಥ) ಕೊಂತಾರಿನಿ 34 ಗ್ಯಾಲಿಗಳೊಂದಿಗೆ (ಹುಟ್ಟು ಹಾಕುವ ಯುದ್ಧಹಡಗು) ಹೊರಟರು. ಕಿಯೋಜ್ಜಾದ ಅಳಿವೆ, ಬ್ರೊಂದೊಲೊ, ಲೊಂಬಾರ್ದಿ ಕಾಲುವೆ, ಊರಿನ ಈ ಮೂರೂ ನೀರುದಾರಿಗಳನ್ನು ಮುಚ್ಚಿದರು. ಮುತ್ತಿಗೆ ಹಾಕಿದವರೇ ಒಳಗೆ ಸಿಕ್ಕಿಬಿದ್ದರು.

ಗುಂಡುಮದ್ದು: "ಮುಚ್ಚಿದರು" ಅಂತ ಎಷ್ಟು ಸಲೀಸು ಸ್ವಾಮಿ! ಅಳಿವೆಗೆ ತಂದ ಹಡಗಿಗೆ ಜಿನೋವಾದವರು ಬೆಂಕಿ ಇಟ್ಟರು. ಅದನ್ನು ಯಾಕೆ ಬಿಟ್ರಿ?

ಕಲ್ಲುಹಡಗು: ಇಟ್ಟಿದ್ದೇ ಉಪಕಾರ ಆಯ್ತು. ನೀರಿನ ಮಟ್ಟದವರೆಗೆ ಉರಿದು ಅಲ್ಲೇ ಕೂತಿತು. ಅದರ ಮೇಲೆ ಕಲ್ಲು ತುಂಬಿದ ದೋಣಿ ಮುಳುಗಿಸಿದರು. ಬರೀ ಒಂದು ಹಡಗು ಸಾಲದು, ಇಳಿತದ ಸೆಳೆತ ಪಕ್ಕದ ಮರಳು ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತೆ. ಅದಕ್ಕೇ ಕಲ್ಲು, ಅದಕ್ಕೇ ಹಗಲೂ ರಾತ್ರಿ ಗ್ಯಾಲಿ ಕಾವಲು.

ಗುಂಡುಮದ್ದು: ಕಾವಲು ಕಾದರೆ ಸೇನಾಪತಿ ಸಾಯ್ತಾನಾ? 1380ರ ಜನವರಿಯಲ್ಲಿ ಬ್ರೊಂದೊಲೊದಲ್ಲಿ ದೋರಿಯಾನನ್ನು ಕೊಂದದ್ದು ತೋಪು. ವೆನಿಸ್‌ನ 'ತ್ರೆವಿಸಾನಾ' ಅನ್ನೋ ತೋಪು ಹಾರಿಸ್ತಿದ್ದದ್ದು 195 ಪೌಂಡ್ ಕಲ್ಲುಗುಂಡು.

ಉಪ್ಪುನೀರು: ಕೊಂದದ್ದು ಗೋಡೆ ಮಾರಾಯ್ರೇ. ಗುಂಡು ಬಡಿದದ್ದು ಗಂಟೆಗೋಪುರಕ್ಕೆ, ಕುಸಿದದ್ದು ಅವನ ಮೇಲೆ.

ಗುಂಡುಮದ್ದು: ಗೋಡೆ ತಾನಾಗಿ ಬಿತ್ತಾ?

ಉಪ್ಪುನೀರು: ಗುರಿ ಇಟ್ಟು ಹೊಡೆದದ್ದಲ್ಲ ಅಂತ ಹೇಳ್ತಿರೋದು. ಆ ಕಾಲದ ದೊಡ್ಡ ತೋಪಿಗೆ ಮದ್ದು ತುಂಬಿ, ಮರದ ಬಿರಡೆ ಬಡಿದು, ಗುಂಡು ಕೂರಿಸಿ, ಹಾರಿಸಿ, ಮತ್ತೆ ನಳಿಗೆ ತಣಿಯೋವರೆಗೆ ಕಾಯಬೇಕು. ದಿನಕ್ಕೆ ಎಷ್ಟು ಏಟು ಬೀಳುತ್ತೆ, ನೀವೇ ಲೆಕ್ಕ ಹಾಕಿ.

ಗುಂಡುಮದ್ದು: ಒಂದೇ ಏಟು ಸಾಕಾಯ್ತಲ್ಲ! ಲೆಕ್ಕ ಮುಗೀತು.

ಉಪ್ಪುನೀರು: ದೋರಿಯಾ ಸತ್ತ ಮೇಲೂ ಐದು ತಿಂಗಳು ಊರು ಶರಣಾಗಲಿಲ್ಲ. ಇದಕ್ಕೆ ಉತ್ತರ ಕೊಡದೆ ಎಗರಾಡಬೇಡಿ.

ಹುಟ್ಟುಗೋಲು: ನಿಮ್ಮ ಗೋಪುರ ಜಗಳದಲ್ಲಿ ವೆನಿಸ್‌ನ ಇನ್ನೊಬ್ಬ ನೌಕಾಪತಿ ಕಾರ್ಲೋ ಝೆನೋನನ್ನೇ ಮರೆತ್ರಿ. ಚಳಿ, ಹಸಿವು ತಡೆಯಲಾರದೆ ವೆನಿಸ್ ನಾವಿಕರೇ ವಾಪಸ್ ಹೋಗೋಣ ಅಂತ ಕೂತಿದ್ದರು. ಜನವರಿ 1ಕ್ಕೆ ಅವನ ಹಡಗುಪಡೆ ಕಾಣದಿದ್ದರೆ ನಿಮ್ಮ ಕಲ್ಲಿಗೆ ಕಾವಲೇ ಇರ್ತಿರಲಿಲ್ಲ.

ಕಲ್ಲುಹಡಗು: "ಹಸಿವು" ಅಂತ ನೀವೇ ಅಂದ್ರಿ, ಥ್ಯಾಂಕ್ಸ್. ಎರಡೂ ಕಡೆ ಅದೇ ಕೆಲಸ ಮಾಡಿದ್ದು. ಜಿನೋವಾದ ಮಿತ್ರ ಪಾದುವಾದಿಂದ ಒಳಕಾಲುವೆಗಳ ಮೂಲಕ ಬರ್ತಿದ್ದ ಆಹಾರ ನಿಂತ ಮೇಲೆ ಜಿನೋವಾ ಪಡೆ ಕರಗಿತು. ನೆರವಿಗೆ ಬಂದ ಜಿನೋವಾದ ನೌಕಾಪತಿ ಮಾರುಫೋ ಹೊರಗಡೆ ಸಮುದ್ರದಲ್ಲೇ ಸುತ್ತಾಡ್ತಿದ್ದ, ಒಳಗೆ ಬರಲು ಬಾಗಿಲೇ ಇಲ್ಲ. ಜೂನ್ 24ಕ್ಕೆ ಶರಣಾದವರು ಸುಮಾರು 4,000.

ಹುಟ್ಟುಗೋಲು: ಝೆನೋಗೆ ಉತ್ತರ ಎಲ್ಲಿ? ಅಂದಹಾಗೆ ಗೆದ್ದು ಏನು ಸಿಕ್ಕಿತು? 1381ರ ಟ್ಯೂರಿನ್ ಒಪ್ಪಂದದಲ್ಲಿ, ಯಾವ ತೆನೆದೋಸ್ ದ್ವೀಪಕ್ಕಾಗಿ ಜಗಳ ಶುರುವಾಗಿತ್ತೋ ಅದನ್ನೇ ವೆನಿಸ್ ಬಿಟ್ಟುಕೊಟ್ಟಿತು.

ಗುಂಡುಮದ್ದು: ತೆನೆದೋಸ್ ಆಮೇಲೆ. ಗೋಪುರ ಬೀಳಿಸಿದ್ದು ತೋಪು ಹೌದೋ ಅಲ್ಲವೋ, ಅಷ್ಟು ಹೇಳಿ.

ಉಪ್ಪುನೀರು: ಗೋಪುರ ಹೌದು. ಊರು ಅಲ್ಲ.