ಸಂಬಳವಿಲ್ಲದ, ಕಮಿಷನ್ ಮಾತ್ರದ ಇಂಟರ್ನ್‌ಶಿಪ್: ವಾಣಿಜ್ಯ ಮಳಿಗೆಗಳ ಏಜೆನ್ಸಿಗೆ ಸೇರಬಹುದೇ?

ಪ್ರಶ್ನೆ: ಬಿ.ಕಾಂ. ಪದವೀಧರ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ಅಂಗಡಿ, ಶೋರೂಮ್, ಗೋಡೌನ್ ಹಾಗೂ ಕಚೇರಿ ಜಾಗಗಳನ್ನು ಬಾಡಿಗೆಗೆ ಕೊಡಿಸುವ ಮತ್ತು ಮಾರಾಟ ಮಾಡಿಸುವ ಸಂಸ್ಥೆಯೊಂದು ಸೇಡಂ ರಸ್ತೆಯಲ್ಲಿ ಹೊಸ ಶಾಖೆ ತೆರೆದಿದ್ದು, ಆರು ತಿಂಗಳ ಇಂಟರ್ನ್‌ಶಿಪ್‌ಗೆ ನನ್ನನ್ನು ಕರೆದಿದೆ. ಸಂಬಳವಿಲ್ಲ, ಪೆಟ್ರೋಲ್ ಖರ್ಚೂ ನನ್ನದೇ. ನಾನು ಕುದುರಿಸಿದ ವ್ಯವಹಾರದಲ್ಲಿ ಅವರಿಗೆ ಬರುವ ಕಮಿಷನ್ನಿನ ಶೇ. 20 ಮಾತ್ರ ನನಗೆ. ತಿಂಗಳಿಗೆ 40,000 ರೂಪಾಯಿ ಬಾಡಿಗೆಯ ಮಳಿಗೆಯಾದರೆ ಒಂದು ತಿಂಗಳ ಬಾಡಿಗೆಯೇ ಕಮಿಷನ್, ಅದರಲ್ಲಿ ನನ್ನ ಪಾಲು 8,000 ರೂಪಾಯಿ ಎಂದು ಅವರೇ ಲೆಕ್ಕ ಹಾಕಿ ತೋರಿಸಿದರು. ನಮ್ಮ ತಂದೆಯವರು ಗಂಜಿನ (ಇಲ್ಲಿಯ ಧಾನ್ಯ ಮಾರುಕಟ್ಟೆಯ) ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಅದು ತಿಳಿದ ಮೇಲೆ, ಸೇರುವ ಮೊದಲೇ ಪರಿಚಯದ 50 ವ್ಯಾಪಾರಸ್ಥರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳ ಪಟ್ಟಿ ತರಬೇಕೆಂದೂ ಹೇಳಿದ್ದಾರೆ. ಸದ್ಯ ತಿಂಗಳಿಗೆ 3,000 ರೂಪಾಯಿಯ ಯುವನಿಧಿಯಷ್ಟೇ ನನ್ನ ಕೈಖರ್ಚು. ಕೆಲಸ ಕಲಿಯುವ ಆಸೆಯಂತೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಇದೇ ಕೆಲಸ ಎಂಟು ತಿಂಗಳು ಮಾಡಿದವನು

ಶೇ. 20 ಕಡಿಮೆಯೋ ಹೆಚ್ಚೋ ಎಂಬುದನ್ನು ಆಮೇಲೆ ನೋಡೋಣ. ಮೊದಲು ದಿನಗಳ ಲೆಕ್ಕ ಹಾಕಿ. ವಾಸದ ಮನೆಯಾದರೆ ಬಾಡಿಗೆದಾರನು ಭಾನುವಾರ ನೋಡಿ ಬುಧವಾರ ಮುಂಗಡ ಕೊಡುತ್ತಾನೆ. ಮಳಿಗೆಯ ಕಥೆ ಬೇರೆ. ಮಾಲೀಕನು ಒಪ್ಪಿದರೂ ಪಾಲಿನ ಅಣ್ಣತಮ್ಮಂದಿರು ಒಪ್ಪಬೇಕು, ಜೆಸ್ಕಾಂನಿಂದ ಹೆಚ್ಚಿನ ಲೋಡ್ ಮಂಜೂರಾಗಬೇಕು, ಒಳಗಿನ ಫರ್ನಿಚರ್ ಕೆಲಸ ಮುಗಿಯುವವರೆಗೆ ಬಾಡಿಗೆ ಬಿಡಬೇಕೆಂದು ಅಂಗಡಿಯವರು ಪಟ್ಟು ಹಿಡಿಯುತ್ತಾರೆ, ಡಿಪಾಜಿಟ್ಟಿನ ಮಾತಿಗೆ ಬಂದಾಗ ಎರಡೂ ಕಡೆಯವರು ಒಂದು ತಿಂಗಳು ಫೋನ್ ಎತ್ತುವುದಿಲ್ಲ. ಆರು ತಿಂಗಳ ಅವಧಿಯಲ್ಲಿ ಮೊದಲ ವ್ಯವಹಾರ ಮುಗಿದರೆ ಅದೃಷ್ಟ ಚೆನ್ನಾಗಿದೆ ಎಂದೇ ತಿಳಿಯಿರಿ.

ನನ್ನ ಅನುಭವ ಹೇಳುತ್ತೇನೆ. ಸೂಪರ್ ಮಾರ್ಕೆಟ್ ಬಳಿ ಬಟ್ಟೆ ಅಂಗಡಿಯವರೊಬ್ಬರಿಗೆ ಒಂದೇ ಮಳಿಗೆಯನ್ನು, ಅವರ ಮನೆಯವರು, ಬೀಗರು, ವಾಸ್ತು ನೋಡುವವರು ಎಂದು ಬೇರೆ ಬೇರೆ ಜನರೊಂದಿಗೆ, ಹನ್ನೊಂದು ಸಲ ತೋರಿಸಿದ್ದೆ. ಖರ್ಚು ತಾಳಲಾರದೆ ಎಂಟನೆಯ ತಿಂಗಳು ಬಿಟ್ಟೆ. ಹತ್ತನೆಯ ತಿಂಗಳಲ್ಲಿ ಅದೇ ಮಳಿಗೆಗೆ, ಅದೇ ಅಂಗಡಿಯವರೊಂದಿಗೆ ಕರಾರಾಯಿತು. ನನಗೆ ಒಂದು ಪೈಸೆಯೂ ಬರಲಿಲ್ಲ, ಏಕೆಂದರೆ ನಾನು ಓದದೆ ಸಹಿ ಹಾಕಿದ ಪತ್ರದಲ್ಲಿ, ಕರಾರಿನ ದಿನ ಕೆಲಸದಲ್ಲಿದ್ದವರಿಗೆ ಮಾತ್ರ ಪಾಲು ಎಂದು ಬರೆದಿತ್ತು. ಆದ್ದರಿಂದ, ನೀವು ಕರೆತಂದ ಗಿರಾಕಿಯ ವ್ಯವಹಾರವು ನೀವು ಬಿಟ್ಟ ನಂತರ ಆರು ತಿಂಗಳೊಳಗೆ ಮುಗಿದರೂ ನಿಮ್ಮ ಪಾಲು ಕೊಡಬೇಕೆಂಬ ಸಾಲನ್ನು ಬರೆಯಿಸಿಕೊಳ್ಳದೆ ಸೇರಬೇಡಿ. ‘ಕುದುರಿಸಿದ’ ಎಂದರೆ ಏನೆಂಬುದನ್ನೂ ಕೇಳಿ: ಗಿರಾಕಿಯನ್ನು ಪರಿಚಯಿಸಿದವನೋ, ಕೊನೆಯ ದಿನ ಸಹಿ ಹಾಕಿಸಿದವನೋ?

ಉತ್ತರ 2: ಲೆಕ್ಕಪತ್ರ ನೋಡುವವರು, ಬೀದರ್

ಕಾನೂನಿನ ಕಡೆಯಿಂದ ಒಂದೆರಡು ಮಾತು. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿಯಾದ ಯೋಜನೆಯ ಪ್ಲಾಟನ್ನಾಗಲಿ ಮಳಿಗೆಯನ್ನಾಗಲಿ ಮಾರಿಸಿಕೊಡುವ ಏಜೆಂಟರು 2016ರ ಕಾಯ್ದೆಯ ಪ್ರಕಾರ ತಾವೂ ನೋಂದಾಯಿಸಿಕೊಂಡಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ. 5ರವರೆಗೂ ದಂಡ ಬೀಳಬಹುದು. ಬರಿಯ ಬಾಡಿಗೆ ವ್ಯವಹಾರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಸಂಸ್ಥೆ ಮಾರಾಟವನ್ನೂ ಮಾಡಿಸುತ್ತದೆ ಎಂದಿದ್ದೀರಿ, ಹಾಗಾಗಿ ಅವರ ನೋಂದಣಿ ಸಂಖ್ಯೆಯನ್ನು ಕೇಳಿ ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿಕೊಳ್ಳಿ. ಸಂಖ್ಯೆ ಕೊಡಲು ತಡವರಿಸಿದರೆ ಮುಂದಿನ ಪ್ರಶ್ನೆಯೇ ಬೇಡ.

ಯುವನಿಧಿ ಉದ್ಯೋಗ ಸಿಗದವರಿಗೆ ಇರುವ ಹಣ. ಅವರು ಕೊಡುವ ಪತ್ರದಲ್ಲಿ ನಿಮ್ಮನ್ನು ಉದ್ಯೋಗಿ ಎಂದು ಕರೆದಿದ್ದರೆ, ಸಂಬಳವೂ ಇಲ್ಲದೆ ಆ 3,000 ರೂಪಾಯಿಯನ್ನೂ ಕಳೆದುಕೊಳ್ಳುವ ವಿಚಿತ್ರ ಸ್ಥಿತಿ ಬಂದೀತು. ಪತ್ರದ ಒಕ್ಕಣೆಯನ್ನು ಮೊದಲೇ ಓದಿ.

ಉತ್ತರ 3: ಗಂಜಿನ ಹಳಬರು

ತಮ್ಮಾ, ಮೊದಲನೆಯವರು ಬರೆದದ್ದು ನಿಜ; ಆದರೂ ಸಂಬಳವಿಲ್ಲದ ಕಲಿಕೆಯೆಲ್ಲ ಮೋಸವೆಂದು ನಾನು ಒಪ್ಪುವುದಿಲ್ಲ. ನಾನೂ ಗೋಡೌನ್ ವ್ಯವಹಾರವನ್ನು ಒಬ್ಬ ಹಿರಿಯರ ಹಿಂದೆ ಎರಡು ವರ್ಷ ಸುಮ್ಮನೆ ಓಡಾಡಿಯೇ ಕಲಿತೆ. ಆದರೆ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಹಣಿ, ಎನ್.ಎ. (ಕೃಷಿಯೇತರ ಬಳಕೆಯ) ಆದೇಶ, ಋಣಭಾರ ಪತ್ರಗಳನ್ನು ಓದಿಸುತ್ತಿದ್ದರು, ಮಧ್ಯಾಹ್ನದ ಊಟವನ್ನೂ ಹಾಕಿಸುತ್ತಿದ್ದರು. ಮನೆ ಕಟ್ಟಲೆಂದು ಎನ್.ಎ. ಆದ ಜಾಗದಲ್ಲಿ ಶೋರೂಮ್ ಎಬ್ಬಿಸಿದವರ ಕಟ್ಟಡವನ್ನು ಕಾಗದ ನೋಡಿಯೇ ಬೇಡವೆನ್ನುವ ಕಣ್ಣು ಬಂದದ್ದು ಹಾಗೆ. ನಿಮ್ಮವರು ಕಾಗದ ತೋರಿಸುತ್ತಾರೋ, ಕೇವಲ ಫೋನ್ ಮಾಡಿಸುತ್ತಾರೋ ಎಂಬುದನ್ನು ಕೇಳಿಕೊಳ್ಳಿ.

ನಮ್ಮ ಊರಿನ ಇನ್ನೊಂದು ಸಂಗತಿ. ಇಲ್ಲಿ ತಡವಿಲ್ಲದೆ ಬಾಡಿಗೆ ಕೊಡುವ ದೊಡ್ಡ ಗಿರಾಕಿಗಳೆಂದರೆ ಬ್ಯಾಂಕುಗಳು ಮತ್ತು ಸರ್ಕಾರಿ ಇಲಾಖೆಗಳು. ಸರ್ಕಾರಿ ಬ್ಯಾಂಕುಗಳು ಶಾಖೆಗೆ ಜಾಗ ಬೇಕಾದಾಗ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ತಾಂತ್ರಿಕ ವಿವರದ ಲಕೋಟೆ ಬೇರೆ, ದರದ ಲಕೋಟೆ ಬೇರೆ ತರಿಸಿಕೊಳ್ಳುತ್ತವೆ. ದಲ್ಲಾಳಿಗಳು ಬರಬಾರದೆಂದು ಆ ಜಾಹೀರಾತಿನಲ್ಲಿಯೇ ಬರೆದಿರುವುದು ರೂಢಿ. ಹಾಗಾದರೆ ನಿಮಗೆ ಉಳಿಯುವವರು ಬಟ್ಟೆ, ಔಷಧ, ಕೋಚಿಂಗ್ ಕೇಂದ್ರ, ದಾಲ್‌ಮಿಲ್ಲಿನವರು. ಇವರಲ್ಲಿ ಬಹುಪಾಲು ಜನ ಜಾಗ ಹುಡುಕುವುದು ಚಹಾದ ಅಂಗಡಿಯಲ್ಲಿ ಕೂತು, ಪರಿಚಯದವರ ಮುಖಾಂತರ.

ಆ 50 ಹೆಸರುಗಳ ಪಟ್ಟಿ ಕೇಳಿದ್ದು ಏಕೆಂದು ಈಗ ತಿಳಿಯಿತೇ? ಹೊರಗಿನಿಂದ ಬಂದ ಸಂಸ್ಥೆಗೆ ಈ ಊರಿನಲ್ಲಿ ಇಲ್ಲದಿರುವುದು ಪರಿಚಯವೊಂದೇ. ಅದು ನಿಮ್ಮ ತಂದೆಯವರು ಇಷ್ಟು ವರ್ಷ ಗಂಜಿನಲ್ಲಿ ದುಡಿದು ಗಳಿಸಿದ್ದು. ಪಟ್ಟಿ ಕೈಗೆ ಬಂದ ಮರುದಿನ ನೀವು ಬೇಡವಾದರೂ ಅವರಿಗೆ ನಷ್ಟವಿಲ್ಲ; ಅವರ ಮಾತು ನಂಬಿ ಗಂಜಿನವರೊಬ್ಬರು ಡಿಪಾಜಿಟ್ ಕಳೆದುಕೊಂಡರೆ ಮಾತ್ರ ಕೇಳಲು ಬರುವುದು ನಿಮ್ಮ ತಂದೆಯವರ ಗದ್ದಿಗೆಯ ಮುಂದೆ. ಮೂರು ತಿಂಗಳ ಮಟ್ಟಿಗೆ ಸೇರಿಕೊಳ್ಳಿ, ಆದರೆ ಪಟ್ಟಿ ಕೊಡಬೇಡಿ. ಗಿರಾಕಿಯನ್ನು ಒಬ್ಬೊಬ್ಬರಾಗಿ ನೀವೇ ಕರೆದೊಯ್ದು, ಅಂದಿನ ದಿನಾಂಕ ಹಾಕಿ ಸಂಸ್ಥೆಯ ರಿಜಿಸ್ಟರಿನಲ್ಲಿ ಸಹಿ ಪಡೆಯಿರಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಸಂಸ್ಥೆಯವರನ್ನು ಕಂಡು ಬಂದೆ. ರೇರಾ ಸಂಖ್ಯೆಯನ್ನು ಕೂಡಲೇ ಕೊಟ್ಟರು, ಜಾಲತಾಣದಲ್ಲಿ ಸರಿಯಾಗಿಯೇ ಇದೆ. ಬಿಟ್ಟ ನಂತರವೂ ಮೂರು ತಿಂಗಳವರೆಗೆ ಪಾಲು ಕೊಡುವುದಾಗಿ ಒಪ್ಪಿ, ಅದನ್ನು ಪತ್ರದಲ್ಲಿ ಸೇರಿಸಲು ಸಿದ್ಧರಿದ್ದಾರೆ. ಆರು ತಿಂಗಳಿಗೆ ಎಷ್ಟು ಕೇಳಿದರೂ ಒಪ್ಪಲಿಲ್ಲ. ಪಟ್ಟಿಯನ್ನು ಮೊದಲೇ ಕೊಡಲಾಗದು ಎಂದಾಗ ಮಾತ್ರ, ಮುಖ್ಯ ಕಚೇರಿಯನ್ನು ಕೇಳಿ ಹೇಳುತ್ತೇವೆ ಎಂದರು. ತಂದೆಯವರಿಗೆ ಇಲ್ಲಿಯ ಮಾತುಗಳನ್ನು ಓದಿ ಹೇಳಿದೆ. ಅವರು ಏನೂ ಅನ್ನದೆ, ತಮ್ಮ ಹಳೆಯ ಫೋನ್ ನಂಬರುಗಳ ಡೈರಿಯನ್ನು ಮೇಜಿನ ಮೇಲಿಂದ ತೆಗೆದು ಕಪಾಟಿನಲ್ಲಿಟ್ಟರು. ಸಂಸ್ಥೆಯ ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ತೊಗರಿ ಆವಕದ ಲೆಕ್ಕ ಬರೆಯಲು ಗಂಜಿಗೆ ಹೋಗುತ್ತಿದ್ದೇನೆ. ಅಲ್ಲಿ ದಿನಗೂಲಿಯಾದರೂ ಸಂಜೆಗೆ ಕೈಗೆ ಬರುತ್ತದೆ.