ಅಮ್ಮ ಗುಣವಾಗದ್ದಕ್ಕೆ ನನ್ನ ನಂಬಿಕೆ ಸಾಲದ್ದು ಕಾರಣವಾ?

ಕಿಟಕಿ ದೀಪ:
ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡು ಏಳು ತಿಂಗಳಾಯಿತು. ಮನೆಗೆ ಪ್ರಾರ್ಥನೆಗೆ ಬರುತ್ತಿದ್ದವರೊಬ್ಬರು "ಔಷಧಿಯನ್ನೇ ನಂಬಿಕೊಂಡರೆ ದೇವರನ್ನು ಯಾವಾಗ ನಂಬುತ್ತೀರಿ?" ಅಂದಿದ್ದರು. ಆಮೇಲೆ ಅವರ ದನಿ ಕೇಳಿದರೆ ಸಾಕು, ಅಮ್ಮ ಮಾತ್ರೆ ಡಬ್ಬಿಯನ್ನು ದಿಂಬಿನ ಕೆಳಗೆ ತಳ್ಳಿಬಿಡುತ್ತಿದ್ದರು. ಮಣ್ಣು ಮಾಡಿ ಬಂದ ದಿನ ಅದೇ ವ್ಯಕ್ತಿ "ಮನೆಯಲ್ಲಿ ಯಾರಿಗೋ ನಂಬಿಕೆ ಸಾಲಲಿಲ್ಲ" ಅಂದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಬೈಬಲ್ ಹೀಗೆ ಹೇಳುತ್ತದಾ?

ಸಾಸಿವೆ ಕಾಳು:
ಅಕ್ಕ, ಅವರು ಹಾಗೆ ಅಂದದ್ದು ತಪ್ಪು. ಆದರೆ ಗುಣಪಡಿಸುವುದೇ ದೇವರ ಚಿತ್ತ ಅನ್ನುವುದನ್ನು ಬಿಟ್ಟುಕೊಡಬೇಡಿ. ಯೆಶಾಯ 53ರಲ್ಲಿ ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು ಎಂದಿದೆ. ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಎಂದು ಯಾಕೋಬ 5ರಲ್ಲಿದೆ.

ತೋಮನ ತಮ್ಮ:
ಬ್ರದರ್, ಯಾಕೋಬ 5ನ್ನು ಒಂದು ವಚನ ಮೇಲಿನಿಂದ ಓದಿ. ರೋಗಿಯ ಕೆಲಸ ಸಭೆಯ ಹಿರಿಯರನ್ನು ಕರೆಸುವುದು, ಅಷ್ಟೇ. ಎಣ್ಣೆ ಹಚ್ಚಿ ಪ್ರಾರ್ಥಿಸುವವರು ಹಿರಿಯರು. ಗುಣವಾಗದಿದ್ದರೆ ಹಿರಿಯರ ನಂಬಿಕೆ ಸಾಲದು ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಯೋಹಾನ 5ರಲ್ಲಿ 38 ವರ್ಷದಿಂದ ಕಾಯಿಲೆ ಬಿದ್ದವನು ಎದ್ದು ನಡೆದ. ಎಬ್ಬಿಸಿದವನು ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಸಾಸಿವೆ ಕಾಳು:
ಹಾಗಾದರೆ ರಕ್ತಕುಸುಮ ರೋಗದ, ಅಂದರೆ ರಕ್ತಸ್ರಾವ ನಿಲ್ಲದ ಹೆಂಗಸಿಗೆ ಯೇಸು ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು ಅಂದದ್ದು ಸುಮ್ನೇನಾ? ತನ್ನ ಊರಿನಲ್ಲಿ ಜನ ನಂಬದೆ ಹೋದಾಗ ನಾಲ್ಕಾರು ರೋಗಿಗಳನ್ನು ಬಿಟ್ಟರೆ ಜಾಸ್ತಿ ಏನೂ ಮಾಡಲಾಗಲಿಲ್ಲ, ಮಾರ್ಕ 6. ಮಾತೆತ್ತಿದರೆ "ನಿನ್ನ ಚಿತ್ತವಿದ್ದರೆ" ಅಂತ ಸೇರಿಸುವುದು ಎಷ್ಟೋ ಸಲ ಜಾರಿಕೊಳ್ಳುವ ದಾರಿ. ಕೇಳುವ ಮೊದಲೇ ಕೈಚೆಲ್ಲಿದ ಹಾಗೆ.

ಹಳೇ ಗಂಟೆ:
ತಮ್ಮಾ, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಿನ್ನ ಚಿತ್ತದಂತೆಯೇ ಆಗಲಿ ಅಂದದ್ದು ಯೇಸುವೇ ಅಲ್ವಾ? ಈ ಕಷ್ಟದ ಪಾತ್ರೆ ತೆಗೆದುಬಿಡು ಅಂತ ಮೊದಲು ಬೇಡಿಕೊಂಡು, ಆಮೇಲೆ. ಜಾರಿಕೊಳ್ಳುವವನು ಅಷ್ಟು ಬೆವರುವುದಿಲ್ಲ. ಅಪೊಸ್ತಲ ಪೌಲ ತನ್ನ ಶರೀರದ ಶೂಲ, ಅಂದರೆ ಮುಳ್ಳಿನಂತೆ ಕಾಡುತ್ತಿದ್ದ ಬಾಧೆಯನ್ನು ತೆಗೆಯಲು ಮೂರು ಸಲ ಬೇಡಿದ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಕಾಯಿಲೆ ಬಿದ್ದ ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲೇ ಬಿಟ್ಟು ಬಂದ. ಅವನ ನಂಬಿಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಮ್ಮ ಕಥೋಲಿಕರಲ್ಲಿ ಬೇರೆ ತೊಂದರೆ ಇತ್ತು. ಎಣ್ಣೆ ಹಚ್ಚುವುದು ಸಾಯುವವರಿಗೆ ಮಾತ್ರ ಅನ್ನುವ ಹಾಗಾಗಿ, ಫಾದರ್ ಬಂದರೆ ರೋಗಿ ಹೆದರುತ್ತಿದ್ದ. 1972ರಲ್ಲಿ ಪೋಪ್ ಆರನೇ ಪೌಲ್ ಆ ವಿಧಿಯನ್ನು ತಿದ್ದಿದ ಮೇಲೆ ಅದು ಮತ್ತೆ ರೋಗಿಗಳ ಸಂಸ್ಕಾರ ಆಯಿತು.

ಕಿಟಕಿ ದೀಪ:
ಮತ್ತೆ ಮಾತ್ರೆ?

ತೋಮನ ತಮ್ಮ:
ಕಾಯಿಲೆ ಬಿದ್ದು ಸಾಯುವ ಹಾಗಿದ್ದ ಅರಸ ಹಿಜ್ಕೀಯನನ್ನು ನೋಡಿ, 2 ಅರಸು 20. ಅತ್ತು ಪ್ರಾರ್ಥಿಸಿದ. ಇನ್ನೂ 15 ವರ್ಷ ಕೊಡುತ್ತೇನೆ ಅಂತ ದೇವರ ಮಾತೂ ಬಂತು. ಆಮೇಲೂ ಯೆಶಾಯ ಅಂಜೂರದ ಮುದ್ದೆ ತರಿಸಿ ಹುಣ್ಣಿನ ಮೇಲೆ ಹಾಕಿಸಿದ. ಅದೂ ಪ್ರವಾದಿ!

ಸಾಸಿವೆ ಕಾಳು:
ಅಂಜೂರದ ವಿಷಯ ನನಗೆ ನೆನಪೇ ಇರಲಿಲ್ಲ. ನಾನೂ ರೋಗಿಗಳ ಮನೆಗೆ ಪ್ರಾರ್ಥನೆಗೆ ಹೋಗುತ್ತೇನೆ. ಇನ್ನು ಮೇಲೆ ಮಾತ್ರೆ ತಗೊಂಡ್ರಾ ಅಂತ ಮೊದಲು ಕೇಳುತ್ತೇನೆ ಅಕ್ಕ. ಆದರೆ ಗುಣಪಡಿಸು ಅಂತ ಗಟ್ಟಿಯಾಗಿ ಬೇಡುವುದನ್ನು ಬಿಡುವುದಿಲ್ಲ.

ಕಿಟಕಿ ದೀಪ:
ಬಿಡಬೇಡಿ. ಅಮ್ಮನಿಗೂ ಹಾಗೆ ಬೇಡುವವರೇ ಇಷ್ಟವಾಗುತ್ತಿದ್ದರು.